ನಲಿವಿನ ಬಾಗಿಲೇ ನೆರವಿನ ಬಾಗಿಲು

ಕಷ್ಟಕ್ಕೆ ಸಿಲುಕಿದ ಕುಟುಂಬಕ್ಕೆ ನಮ್ಮಲ್ಲಿ ನೆರವೇ ಇಲ್ಲ ಎನ್ನುವಂತಿಲ್ಲ. ಬಸುರಿ ಬಾಣಂತಿಯರಿಗೆ ಅಂಗನವಾಡಿ ಇದೆ, ಮಕ್ಕಳ ಚುಚ್ಚುಮದ್ದಿಗೆ ಆರೋಗ್ಯ ಕೇಂದ್ರವಿದೆ. ಅಜ್ಜ ಅಜ್ಜಿಯರ ಪಿಂಚಣಿಗೆ ನಾಡಕಚೇರಿ, ಅಂಗವಿಕಲ ಮಗುವಿನ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆ, ಹೊಡೆತ ತಿಂದ ಹೆಣ್ಣಿಗೆ ಸಾಂತ್ವನ ಕೇಂದ್ರ, ಮನಸ್ಸಿನ ಬೇಗುದಿಗೆ ಸಹಾಯವಾಣಿ ಇವೆ. ಆದರೆ ಮನೆಯೊಳಗಿನ ಕಷ್ಟಗಳು ಇಲಾಖೆಗಳಂತೆ ಬಿಡಿಬಿಡಿಯಾಗಿ ಬರುವುದಿಲ್ಲ. ದುಡಿಯುವವರ ಕೆಲಸ ಹೋದರೆ ಸಾಲ ಬೆಳೆಯುತ್ತದೆ. ಸಾಲದ ಹಿಂದೆ ಕುಡಿತ, ಕುಡಿತದ ಹಿಂದೆ ಜಗಳ ಬರುತ್ತವೆ. ಅಷ್ಟರಲ್ಲಿ ಮಗು ಶಾಲೆ ತಪ್ಪಿಸತೊಡಗುತ್ತದೆ, ಅಜ್ಜಿಯ ಬಿ.ಪಿ. ಮಾತ್ರೆ ನಿಂತುಹೋಗುತ್ತದೆ. ಒಂದೇ ಸಂಕಟದ ಐದು ಮುಖಗಳಿಗಾಗಿ ಐದು ಕಚೇರಿ ಅಲೆಯಬೇಕು, ಐದು ಸಾಲುಗಳಲ್ಲಿ ನಿಲ್ಲಬೇಕು. ಅಲೆದಾಟಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಪ್ರತಿ ಬಾಗಿಲಲ್ಲೂ ಮೊದಲು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಹಾಗೆ ಹೇಳಿಕೊಳ್ಳುವುದು ಎಷ್ಟು ಕಠಿಣ ಎಂಬುದಕ್ಕೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪುರಾವೆಯಿದೆ. ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಆ ಸಮೀಕ್ಷೆಗೆ ತಿಳಿಸಿದ್ದಾರೆ. ಇಡೀ ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರ ಪೈಕಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ. ಉಳಿದವರಿಗೆ ಕಚೇರಿಯ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಒಂದೇ.

ಇನ್ನೊಂದು ಬಗೆಯ ಬಾಗಿಲುಗಳೂ ನಮ್ಮ ನಡುವೆ ಇವೆ. ಯಾರೂ ಕರೆಯದಿದ್ದರೂ, ಯಾವ ಅರ್ಜಿಯೂ ಇಲ್ಲದೆ ಜನ ಅಲ್ಲಿಗೆ ತಾವಾಗಿ ಹೋಗುತ್ತಾರೆ. ಬಡಾವಣೆಯ ಆಟದ ಅಂಗಳ, ಗರಡಿಮನೆ, ಶಟಲ್ ಕೋರ್ಟು, ಗ್ರಂಥಾಲಯ, ಬಯಲು ರಂಗಮಂದಿರ, ಸಮುದಾಯ ಭವನ ಇವೆಲ್ಲ ಅಂಥವು. ಅಲ್ಲಿಗೆ ಹೋಗುವವರನ್ನು ನೋಡಿ ‘ಇವರ ಮನೆಯಲ್ಲಿ ಏನೋ ತೊಂದರೆಯಿದೆ’ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಕುಟುಂಬಕ್ಕೆ ಬೇಕಾದ ನೆರವನ್ನು ಬೇರೊಂದು ಕಚೇರಿಯಲ್ಲಿ ಕೂರಿಸಿ ಜನರನ್ನು ಅಲ್ಲಿಗೆ ಕರೆಯುವ ಬದಲು, ಜನ ನಲಿವಿಗಾಗಿ ಸೇರುವ ಜಾಗಕ್ಕೇ ಆ ನೆರವನ್ನು ಒಯ್ಯುವುದು ಮೇಲು. ನೆರೆಹೊರೆಯ ಮನರಂಜನಾ ಕೇಂದ್ರವನ್ನು ಕುಟುಂಬಗಳ ಆಸರೆಯ ತಾಣವಾಗಿಸುವುದೆಂದರೆ ಇದೇ. ಕೇಳಲು ಇದು ಹೊಸ ಕಲ್ಪನೆಯಂತೆ ಕಂಡರೂ ಇದರ ಹಿಂದೆ ಸುಮಾರು ನೂರು ವರ್ಷದ ಅನುಭವವಿದೆ. ಗೆದ್ದ ಪ್ರಯತ್ನಗಳಷ್ಟೇ ಸೋತ ಪ್ರಯತ್ನಗಳೂ ಇದರಲ್ಲಿ ನಮಗೆ ದಾರಿ ತೋರಿಸುತ್ತವೆ.

ಆ ಅನುಭವ ಆರಂಭವಾಗುವುದು ಲಂಡನ್ನಿನ ಆಗ್ನೇಯ ಭಾಗದ ಪೆಕಮ್ ಎಂಬ ದುಡಿಯುವ ಜನರ ಬಡಾವಣೆಯಲ್ಲಿ. ಜಾರ್ಜ್ ಸ್ಕಾಟ್ ವಿಲಿಯಮ್ಸನ್ ಮತ್ತು ಇನ್ನೆಸ್ ಪಿಯರ್ಸ್ ಎಂಬ ಇಬ್ಬರು ವೈದ್ಯರು 1926ರಲ್ಲಿ ಅಲ್ಲಿ ಒಂದು ಸಣ್ಣ ಮನೆ ಹಿಡಿದು, ಸುತ್ತಲಿನ ಕುಟುಂಬಗಳನ್ನು ಸದಸ್ಯರನ್ನಾಗಿ ಸೇರಿಸಿಕೊಂಡು ಕಾಲಕಾಲಕ್ಕೆ ಆರೋಗ್ಯ ತಪಾಸಣೆ ನಡೆಸಿದರು. ರೋಗ ಬಂದ ಮೇಲೆ ಮದ್ದು ಕೊಡುವುದು ಅವರ ಉದ್ದೇಶವಾಗಿರಲಿಲ್ಲ. ಆರೋಗ್ಯ ಎಂದರೇನು, ಅದು ಎಲ್ಲಿ ಹುಟ್ಟುತ್ತದೆ ಎಂದು ತಿಳಿಯುವುದು ಅವರಿಗೆ ಬೇಕಿತ್ತು. ಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಕುಟುಂಬಗಳನ್ನು ಕಂಡ ಮೇಲೆ ಅವರಿಗೆ ಒಂದು ಸಂಗತಿ ಮನದಟ್ಟಾಯಿತು. ಕೊರತೆಯನ್ನು ಕಂಡುಹಿಡಿದು ಹೇಳಿ ಮನೆಗೆ ಕಳಿಸಿದರೆ ಸಾಲದು. ಆ ಮನೆಯ ದಿನಚರಿ, ಒಂಟಿತನ, ಕೈಕಾಲು ಆಡಿಸಲೂ ಜಾಗವಿಲ್ಲದ ಬದುಕು ಹಾಗೇ ಉಳಿದರೆ ಅದೇ ಕೊರತೆ ಮರುಕಳಿಸುತ್ತದೆ. ಆದ್ದರಿಂದ 1929ರಲ್ಲಿ ಅವರು ಆ ಪುಟ್ಟ ಕೇಂದ್ರವನ್ನು ಮುಚ್ಚಿ, ಹಣ ಕೂಡಿಸಿ, ಬೇರೆಯದೇ ಆದ ಕಟ್ಟಡವೊಂದನ್ನು ಕಟ್ಟಲು ಹೊರಟರು.

1935ರಲ್ಲಿ ತೆರೆದ ‘ಪಯೊನಿಯರ್ ಹೆಲ್ತ್ ಸೆಂಟರ್’ ಹೊರಗಿನಿಂದಾಗಲೀ ಒಳಗಿನಿಂದಾಗಲೀ ಆಸ್ಪತ್ರೆಯಂತೆ ಇರಲಿಲ್ಲ. ಎಂಜಿನಿಯರ್ ಓವೆನ್ ವಿಲಿಯಮ್ಸ್ ಕಾಂಕ್ರೀಟು ಮತ್ತು ಗಾಜಿನಲ್ಲಿ ರೂಪಿಸಿದ ಆ ಕಟ್ಟಡದ ನಟ್ಟನಡುವೆ ಇದ್ದದ್ದು ಈಜುಕೊಳ. ಸುತ್ತಲೂ ವ್ಯಾಯಾಮಶಾಲೆ, ಉಪಾಹಾರ ಗೃಹ, ಬಿಲಿಯರ್ಡ್ಸ್ ಮೇಜುಗಳು, ನಾಟಕ ಮತ್ತು ಕುಣಿತಕ್ಕೆ ಜಾಗ, ಮಕ್ಕಳ ಕೋಣೆ. ಕಾಫಿ ಕುಡಿಯುತ್ತ ಕುಳಿತವರಿಗೆ ಗಾಜಿನಾಚೆ ಈಜುವವರು ಕಾಣುತ್ತಿದ್ದರು. ಕಂಡವರಿಗೆ ತಾವೂ ಇಳಿಯಬೇಕೆಂಬ ಆಸೆ ಹುಟ್ಟಲಿ ಎಂದೇ ಹಾಗೆ ಕಟ್ಟಲಾಗಿತ್ತು. ವೈದ್ಯರ ಕೋಣೆಗಳೂ ಅದೇ ಸೂರಿನಡಿ ಇದ್ದವು. ಸದಸ್ಯತ್ವ ವ್ಯಕ್ತಿಗಲ್ಲ, ಇಡೀ ಕುಟುಂಬಕ್ಕೆ. ವಾರಕ್ಕೆ ಒಂದು ಶಿಲ್ಲಿಂಗ್ ಕೊಡಬೇಕು, ಮಗುವಿನ ತಳ್ಳುಗಾಡಿ ನೂಕಿಕೊಂಡು ನಡೆದು ಬರುವಷ್ಟು ಹತ್ತಿರದಲ್ಲಿ ವಾಸವಿರಬೇಕು, ಮನೆಯವರೆಲ್ಲ ಕಾಲಕಾಲಕ್ಕೆ ತಪಾಸಣೆಗೆ ಒಪ್ಪಬೇಕು. ಸುಮಾರು 950 ಕುಟುಂಬಗಳು ಸೇರಿದವು. ತಪಾಸಣೆ ಮುಗಿದ ಮೇಲೆ ಗಂಡ, ಹೆಂಡತಿ, ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ವೈದ್ಯರು ತಾವು ಕಂಡದ್ದನ್ನು ವಿವರಿಸುತ್ತಿದ್ದರು. ಏನು ಮಾಡಬೇಕೆಂಬ ತೀರ್ಮಾನ ಮಾತ್ರ ಕುಟುಂಬದ್ದೇ. ಚಿಕಿತ್ಸೆ ಬೇಕಿದ್ದರೆ ಬೇರೆ ವೈದ್ಯರಲ್ಲಿಗೆ ಕಳುಹಿಸುತ್ತಿದ್ದರು.

ಈ ತಪಾಸಣೆಗಳಲ್ಲಿ ಹೊರಬಿದ್ದ ಸತ್ಯ ಇಂದಿಗೂ ಯೋಚನೆಗೆ ಹಚ್ಚುತ್ತದೆ. ‘ನಾವು ಚೆನ್ನಾಗಿದ್ದೇವೆ’ ಎಂದುಕೊಂಡು ಈಜಲು, ಆಡಲು, ಹರಟಲು ಬಂದವರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ದೈಹಿಕ ಕೊರತೆ ಇತ್ತು, ಎಷ್ಟೋ ಮಂದಿಗೆ ಅದರ ಅರಿವೇ ಇರಲಿಲ್ಲ. ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ವ್ಯಾಪಕವಾಗಿತ್ತು. ಆಸ್ಪತ್ರೆಯ ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದರೆ ಇವರಲ್ಲಿ ಬಹಳ ಮಂದಿ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಏಕೆಂದರೆ ಹೋಗಬೇಕಾದ ಕಾರಣವೇ ಅವರಿಗೆ ತಿಳಿದಿರಲಿಲ್ಲ. ತಮ್ಮ ಕಷ್ಟಕ್ಕೆ ಹೆಸರಿದೆ, ಪರಿಹಾರವಿದೆ ಎಂದು ಗೊತ್ತಿಲ್ಲದವರನ್ನು ತಲುಪುವ ದಾರಿ ಯಾವುದು ಎಂಬ ಪ್ರಶ್ನೆಗೆ ಪೆಕಮ್ ಕೊಟ್ಟ ಉತ್ತರ ಇದು: ಅವರು ಇಷ್ಟಪಟ್ಟು ಬರುವ ಜಾಗದಲ್ಲಿ ನೀವು ಇರಿ.

ಪೆಕಮ್ ಉಳಿಯಲಿಲ್ಲ. 1939ರಲ್ಲಿ ಯುದ್ಧ ಬಂದು ಕೇಂದ್ರ ಮುಚ್ಚಿತು. ಯುದ್ಧಾನಂತರ ಸದಸ್ಯ ಕುಟುಂಬಗಳ ಒತ್ತಾಸೆಯಿಂದ ಮತ್ತೆ ತೆರೆದರೂ 1950ರಲ್ಲಿ ಶಾಶ್ವತವಾಗಿ ನಿಂತಿತು. ಎರಡು ಸಾವಿರ ಕುಟುಂಬಗಳಿಗೆಂದು ಕಟ್ಟಿದ ಕೇಂದ್ರಕ್ಕೆ ಅಷ್ಟು ಸದಸ್ಯರು ಸೇರದೆ, ಶಿಲ್ಲಿಂಗ್ ವಂತಿಗೆಯಿಂದ ಖರ್ಚು ತೂಗಲಿಲ್ಲ. 1948ರಲ್ಲಿ ಬಂದ ರಾಷ್ಟ್ರೀಯ ಆರೋಗ್ಯ ಸೇವೆಯ ಚೌಕಟ್ಟಿನಲ್ಲಿ ಅದಕ್ಕೆ ಜಾಗ ದೊರೆಯಲಿಲ್ಲ. ಅದು ರೋಗಕ್ಕಿಂತ ಆರೋಗ್ಯಕ್ಕೆ ಒತ್ತು ಕೊಡುತ್ತಿತ್ತು, ವಂತಿಗೆ ಕೇಳುತ್ತಿತ್ತು, ಒಂದು ಬಡಾವಣೆಯವರಿಗಷ್ಟೇ ತೆರೆದಿತ್ತು. ಯಾವ ಇಲಾಖೆಯ ಲೆಕ್ಕದ ಪುಸ್ತಕಕ್ಕೂ ಹೊಂದದ ಒಳ್ಳೆಯ ಕೆಲಸ ಅನಾಥವಾಗುತ್ತದೆ ಎಂಬುದು ಆ ಸೋಲಿನ ಪಾಠ. ಪೆಕಮ್‌ನ ಸಾಕ್ಷ್ಯಕ್ಕೆ ಮಿತಿಯೂ ಇದೆ. ಅಲ್ಲಿಗೆ ಸೇರಿದವರು ತಾವಾಗಿ ಬಂದವರು. ಬಾರದವರ ಜತೆ ಹೋಲಿಸಿ ನೋಡುವ ಶಿಸ್ತಿನ ಅಧ್ಯಯನ ಅಲ್ಲಿ ನಡೆಯಲಿಲ್ಲ. ಹಾಗಾಗಿ ಅದು ಒಂದು ದಾರಿಯನ್ನು ತೋರಿಸಿತು, ಆ ದಾರಿ ಎಷ್ಟು ದೂರ ಒಯ್ಯುತ್ತದೆ ಎಂದು ಅಳೆದು ಹೇಳಲಿಲ್ಲ. ಅಳೆಯುವ ಅವಕಾಶ ಬಂದದ್ದು ಅರ್ಧ ಶತಮಾನದ ನಂತರ, ಅದೇ ದೇಶದಲ್ಲಿ.

1998ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ‘ಶೂರ್ ಸ್ಟಾರ್ಟ್’ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿತು. ಮರುವರ್ಷದಿಂದ ಇಂಗ್ಲೆಂಡಿನ ಬಡ ನೆರೆಹೊರೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ಕುಟುಂಬಗಳಿಗಾಗಿ ಸ್ಥಳೀಯ ಕೇಂದ್ರಗಳು ತೆರೆಯತೊಡಗಿದವು. ಒಂದೇ ಸೂರಿನಡಿ ಆರೋಗ್ಯ ಸಲಹೆ, ಮಕ್ಕಳ ಪಾಲನೆ, ಹೆತ್ತವರಿಗೆ ತಿಳಿವಳಿಕೆ, ಉದ್ಯೋಗದ ಮಾರ್ಗದರ್ಶನ ಸಿಗುತ್ತಿದ್ದವು. ಆದರೆ ಜನರನ್ನು ಒಳಗೆ ಕರೆತಂದದ್ದು ಇವಾವುವೂ ಅಲ್ಲ, ತಾಯಿ ಅಥವಾ ತಂದೆ ಮಗುವಿನೊಂದಿಗೆ ಬಂದು ಕುಳಿತು ಆಡಿಸಬಹುದಾದ ಆಟದ ಕೂಟ. ಯಾವ ಅರ್ಹತೆಯನ್ನೂ ಕೇಳದ, ಯಾರೂ ಬರಬಹುದಾದ ಕೂಟ ಅದು. ಮಕ್ಕಳು ಆಡುತ್ತಿರುವಾಗ ದೊಡ್ಡವರು ಮಾತಿಗಿಳಿಯುತ್ತಿದ್ದರು. ಆ ಮಾತಿನ ನಡುವೆ, ನೆಲದ ಮೇಲೆ ಪಕ್ಕದಲ್ಲೇ ಕುಳಿತ ಕಾರ್ಯಕರ್ತೆಗೆ ಮನೆಯ ಸಂಗತಿ ತಿಳಿಯುತ್ತಿತ್ತು. 2010ರ ಹೊತ್ತಿಗೆ ಇಂಥ ಕೇಂದ್ರಗಳ ಸಂಖ್ಯೆ ಸುಮಾರು 3,500ಕ್ಕೆ ಏರಿತು. ಆಮೇಲೆ ಸರ್ಕಾರ ಬದಲಾಗಿ, ಖರ್ಚು ಕಡಿತದ ಕಾಲ ಬಂದು, ಒಂದು ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಾಗಿಲು ಹಾಕಿದವು.

ಮುಚ್ಚಿದ ಮೇಲೆ ಬಂದ ಫಲಿತಾಂಶಗಳು ಆ ನಿರ್ಧಾರದ ಬೆಲೆಯನ್ನು ತೋರಿಸಿದವು. ಲಂಡನ್ನಿನ ‘ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್’ ಎಂಬ ಸ್ವತಂತ್ರ ಸಂಸ್ಥೆ, ಕೇಂದ್ರಕ್ಕೆ ಹತ್ತಿರ ವಾಸಿಸಿದ ಮಕ್ಕಳನ್ನು ಆ ಸೌಲಭ್ಯ ಸಿಗದ ಮಕ್ಕಳೊಂದಿಗೆ ಹೋಲಿಸಿ ವರ್ಷಗಳ ಕಾಲ ಅಧ್ಯಯನ ಮಾಡಿತು. ಕಾರ್ಯಕ್ರಮ ಉತ್ತುಂಗದಲ್ಲಿದ್ದಾಗಿನ ವ್ಯಾಪ್ತಿಯಲ್ಲಿ, 11ರಿಂದ 15 ವಯಸ್ಸಿನವರು ಆಸ್ಪತ್ರೆ ಸೇರುವ ಪ್ರಕರಣಗಳು ವರ್ಷಕ್ಕೆ 13,000ದಷ್ಟು ತಗ್ಗಿದವು ಎಂದು 2021ರಲ್ಲಿ ಅದು ಹೇಳಿತು. ಐದು ವರ್ಷದೊಳಗೆ ಸಿಕ್ಕ ಆಸರೆಯ ಫಲ ಹತ್ತು ವರ್ಷದ ನಂತರ ಕಾಣಿಸಿಕೊಂಡಿತು ಎಂಬುದು ಇದರಲ್ಲಿ ಗಮನಿಸಬೇಕಾದ ಅಂಶ. 2024ರಲ್ಲಿ ಶಾಲಾ ಫಲಿತಾಂಶದ ಲೆಕ್ಕ ಬಂತು. ಎಳವೆಯಲ್ಲಿ ಈ ಕೇಂದ್ರಗಳ ಬಳಿ ಬೆಳೆದ ಬಡ ಮಕ್ಕಳು ಹದಿನಾರರ ವಯಸ್ಸಿನ ಸಾರ್ವತ್ರಿಕ ಪರೀಕ್ಷೆಯಲ್ಲಿ ಒಟ್ಟಾರೆ ಮೂರು ಶ್ರೇಣಿಗಳಷ್ಟು ಮೇಲೇರಿದ್ದರು. 2025ರಲ್ಲಿ ಅದೇ ಸಂಸ್ಥೆ ಖರ್ಚು ಮತ್ತು ಲಾಭವನ್ನು ತೂಗಿ ನೋಡಿ, ಹಾಕಿದ ಪ್ರತಿ ಒಂದು ಪೌಂಡಿಗೆ ದೀರ್ಘಕಾಲದಲ್ಲಿ ಎರಡು ಪೌಂಡಿಗೂ ತುಸು ಹೆಚ್ಚು ಪ್ರಯೋಜನ ಬಂದಿದೆ ಎಂದಿತು. ಅದೇ ವರ್ಷ ಬ್ರಿಟನ್ ಸರ್ಕಾರ 2028ರ ಅಂತ್ಯದೊಳಗೆ ಸಾವಿರದಷ್ಟು ಕುಟುಂಬ ಕೇಂದ್ರಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಇಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಈ ಅಧ್ಯಯನದ ಒಳಗೆ ಇನ್ನೂ ಮುಖ್ಯವಾದ ಸೂಕ್ಷ್ಮವೊಂದಿದೆ. ಶಾಲಾ ಫಲಿತಾಂಶದ ಮೇಲಿನ ಒಳ್ಳೆಯ ಪರಿಣಾಮವೆಲ್ಲ ಬಂದದ್ದು 1999ರಿಂದ 2003ರ ನಡುವೆ ತೆರೆದ ಮೊದಲ ತಂಡದ ಕೇಂದ್ರಗಳಿಂದ. ಆಮೇಲೆ ದೇಶದ ತುಂಬ ಅವಸರದಲ್ಲಿ ತೆರೆದ ಕೇಂದ್ರಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಮೊದಲಿನವುಗಳಿಗೆ ಹೆಚ್ಚು ಹಣವಿತ್ತು. ಅಷ್ಟೇ ಅಲ್ಲ, ಅವುಗಳ ಆಡಳಿತದಲ್ಲಿ ಸ್ಥಳೀಯ ತಂದೆತಾಯಿಗಳೇ ಕುಳಿತಿದ್ದರು, ಕಾರ್ಯಕರ್ತರು ಮನೆಮನೆಗೆ ಹೋಗಿ ಜನರನ್ನು ಕರೆತರುತ್ತಿದ್ದರು, ಆ ನೆರೆಹೊರೆಗೆ ಏನು ಬೇಕೆಂಬುದನ್ನು ಅಲ್ಲಿಯವರೇ ತೀರ್ಮಾನಿಸುತ್ತಿದ್ದರು. ಹಣ ಮತ್ತು ಜನರ ಒಡೆತನ, ಇವೆರಡರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಎರಡೂ ತೆಳುವಾದಾಗ ಫಲವೂ ತೆಳುವಾಯಿತು ಎಂಬುದು ಮಾತ್ರ ಖಚಿತ. ಫಲಕವೊಂದನ್ನು ನೇತುಹಾಕಿ, ಕಚೇರಿಯೊಂದನ್ನು ತಂದು ಕೂರಿಸಿದ ಮಾತ್ರಕ್ಕೆ ಯಾವ ಭವನವೂ ಕುಟುಂಬಗಳ ಆಸರೆಯಾಗದು.

ನಲಿವಿನ ಜಾಗ ನೆರವಿಗೆ ಏಕೆ ಒಗ್ಗುತ್ತದೆ ಎಂಬುದಕ್ಕೆ ಈ ಎರಡು ಪ್ರಯೋಗಗಳಿಂದ ಮೂರು ಕಾರಣಗಳನ್ನು ಹೆಕ್ಕಬಹುದು. ಮೊದಲನೆಯದು ಮರ್ಯಾದೆ. ಎಲ್ಲರೂ ಹೋಗುವ ಬಾಗಿಲಿನಲ್ಲಿ ಹೋಗುವವರಿಗೆ ಹಣೆಪಟ್ಟಿ ಅಂಟುವುದಿಲ್ಲ. ಎರಡನೆಯದು ಪದೇ ಪದೇ ಆಗುವ ಭೇಟಿ. ಕಚೇರಿಗೆ ಜನ ಹೋಗುವುದು ವರ್ಷಕ್ಕೊಮ್ಮೆ, ಆಟಕ್ಕೆ ವಾರಕ್ಕೆ ನಾಲ್ಕು ಸಲ. ಸೊರಗುತ್ತಿರುವ ಮಗುವನ್ನೋ, ಮಾತು ಕಡಿಮೆಯಾದ ಹರೆಯದ ಹುಡುಗನನ್ನೋ, ಬರುವುದನ್ನೇ ಬಿಟ್ಟ ಅಜ್ಜನನ್ನೋ ಗುರುತಿಸಲು ಅವರನ್ನು ಚೆನ್ನಾಗಿದ್ದಾಗಲೂ ಕಂಡಿರಬೇಕು. ಮೂರನೆಯದು ಎಲ್ಲ ವಯಸ್ಸಿನವರ ಹಾಜರಿ. ನಮ್ಮ ಕುಟುಂಬ ಕಲ್ಯಾಣದ ಯೋಜನೆಗಳು ಬಹುಮಟ್ಟಿಗೆ ತಾಯಿ ಮತ್ತು ಮಗುವಿನೊಂದಿಗೆ ಮಾತಾಡುತ್ತವೆ. ತಂದೆ ಆ ಚಿತ್ರದಲ್ಲಿ ಇರುವುದೇ ಅಪರೂಪ. ಆದರೆ ಕಬಡ್ಡಿ, ವಾಲಿಬಾಲ್, ಕೇರಂ ಇರುವ ಕಡೆ ಗಂಡಸರು ಇರುತ್ತಾರೆ. 2024ರ ರಾಷ್ಟ್ರೀಯ ಕಾಲ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಅದರಲ್ಲಿ ತೊಡಗುವ ಗಂಡಸರು ಕೊಡುವುದು 88 ನಿಮಿಷ. ಈ ಅಂತರ ಕುಗ್ಗಬೇಕಾದರೆ ಗಂಡಸರೊಂದಿಗೂ ಯಾರಾದರೂ, ಎಲ್ಲಾದರೂ ಮಾತಾಡಬೇಕಲ್ಲವೇ? ಕುಡಿತ, ಸಾಲ, ಮಕ್ಕಳ ಓದು, ಹೆಂಡತಿಯ ಬಾಣಂತನ ಇಂಥ ವಿಷಯಗಳನ್ನು ಸಭೆ ಕರೆದು ಭಾಷಣ ಮಾಡುವುದಕ್ಕಿಂತ, ಆಟ ಮುಗಿಸಿ ಬೆವರು ಒರೆಸಿಕೊಳ್ಳುವ ಹೊತ್ತಿನಲ್ಲಿ ಮಾತಾಡುವುದು ಸುಲಭ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಬಿಡಿಭಾಗಗಳು ಆಗಲೇ ಇವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಐದು ಸಾವಿರದ ಆರುನೂರಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಅವುಗಳ ಸದಸ್ಯತ್ವವನ್ನು ಉಚಿತವಾಗಿ ಕೊಡಲಾಯಿತು. ಕತೆ ಓದುವುದು, ಚಿತ್ರ ಬಿಡಿಸುವುದು, ಚದುರಂಗ ಆಡುವುದು ಅಲ್ಲಿ ನಡೆಯತೊಡಗಿತು. ಪುಸ್ತಕ ಕೊಡುವ ಕೋಣೆ ಅರಿವು ಕೇಂದ್ರವಾಗಿ ಬೆಳೆದದ್ದು, ಒಂದು ಸಾರ್ವಜನಿಕ ಜಾಗದ ಉದ್ದೇಶವನ್ನು ಹಿಗ್ಗಿಸಲು ಸಾಧ್ಯ ಎಂಬುದಕ್ಕೆ ನಮ್ಮದೇ ಸಾಕ್ಷಿ. 2023–24ರ ಬಜೆಟ್‌ನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಯೋಜನೆ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನೆಯ ವ್ಯವಸ್ಥೆ ರೂಪಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿಗೆ ಇಡೀ ದೇಶದ ಮಟ್ಟದಲ್ಲಿ ಮಾರ್ಗದರ್ಶಿಯಾಗಿರುವುದು ಬೆಂಗಳೂರಿನ ನಿಮ್ಹಾನ್ಸ್. 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇವುಗಳ ನಡುವೆ ಊರೂರಿನ ಸಮುದಾಯ ಭವನಗಳು, ಅಂಬೇಡ್ಕರ್ ಭವನಗಳು, ಮಹಿಳಾ ಸಮಾಜಗಳು, ಯುವಕ ಮಂಡಲಗಳ ಕಟ್ಟಡಗಳು ಇವೆ. ಅವುಗಳಲ್ಲಿ ಹಲವು ಮದುವೆ, ಮುಂಜಿ, ಸಭೆಗಳಿಗಷ್ಟೇ ತೆರೆದು, ಉಳಿದ ದಿನ ಬೀಗ ಹಾಕಿಕೊಂಡಿರುತ್ತವೆ.

ಈ ಬಿಡಿಭಾಗಗಳನ್ನು ಕೂಡಿಸುವುದು ಹೇಗೆ? ಮೊದಲು ಬೇಕಾದದ್ದು ನಿಯತವಾಗಿ ತೆರೆದಿರುವ ಬಾಗಿಲು, ಅದರಲ್ಲೂ ದುಡಿಯುವವರಿಗೆ ಬಿಡುವಾಗುವ ಸಂಜೆಯ ಹೊತ್ತು. ಎರಡನೆಯದಾಗಿ, ಪ್ರತಿದಿನ ಅಲ್ಲಿರುವ, ಜನರನ್ನು ಹೆಸರು ಹಿಡಿದು ಕರೆಯಬಲ್ಲ ಒಬ್ಬ ಹೊಣೆಗಾರರು. ಅವರು ವೈದ್ಯರೋ ವಕೀಲರೋ ಆಗಬೇಕಿಲ್ಲ. ಯಾರ ಬಳಿ ಯಾವಾಗ ಕಳುಹಿಸಬೇಕೆಂದು ತಿಳಿದಿರಬೇಕು, ಕಳುಹಿಸಿದ ಮೇಲೆ ಏನಾಯಿತೆಂದು ವಿಚಾರಿಸಬೇಕು. ಮೂರನೆಯದಾಗಿ, ವಾರದ ದಿನಗಳನ್ನು ಹಂಚಿಕೊಂಡು ಬರುವ ಸೇವೆಗಳು. ಒಂದು ದಿನ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ಶುಶ್ರೂಷಕಿ ರಕ್ತಹೀನತೆ, ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆ ಮಾಡಲಿ. ಇನ್ನೊಂದು ದಿನ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ಬರಲಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ, ಅದು ತಿಳಿದವರು ಕಡಿಮೆ. ಮತ್ತೊಂದು ದಿನ ಪಿಂಚಣಿ, ಪಡಿತರ, ವಿದ್ಯಾರ್ಥಿವೇತನಗಳ ಅರ್ಜಿ ತುಂಬಿಸುವ ಕೆಲಸ ನಡೆಯಲಿ. ನಾಲ್ಕನೆಯದಾಗಿ, ಬಾಗಿಲು ಮುಚ್ಚಿಕೊಂಡು ಮಾತಾಡಬಹುದಾದ ಒಂದು ಕೋಣೆ ಮತ್ತು ಹೆಂಗಸರು ಅಳುಕಿಲ್ಲದೆ ಬಳಸಬಹುದಾದ ಶೌಚಾಲಯ ಬೇಕು. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ, ರಂಗೋಲಿ ಸ್ಪರ್ಧೆಗೋ ಥ್ರೋಬಾಲ್ ಆಟಕ್ಕೋ ಬಂದವರ ಬೆರಳಿನಿಂದ ಒಂದು ಹನಿ ರಕ್ತ ಪರೀಕ್ಷಿಸುವುದು ಸಣ್ಣ ಕೆಲಸ. ಅದರಿಂದ ಆಗುವ ಪ್ರಯೋಜನ ಮಾತ್ರ ದೊಡ್ಡದು.

ಈ ಯೋಜನೆಯ ಬಗ್ಗೆ ಏಳುವ ಆಕ್ಷೇಪಗಳಲ್ಲಿ ತೂಕವಿದೆ, ಅವುಗಳನ್ನು ತಳ್ಳಿಹಾಕಿ ಮುಂದೆ ಹೋಗುವಂತಿಲ್ಲ. ಮೊದಲನೆಯದು ಆಟವನ್ನು ಪ್ರೀತಿಸುವವರದ್ದು. ನಮ್ಮ ಊರುಗಳಲ್ಲಿ ಆಡಲು ಇರುವ ಜಾಗವೇ ಕಡಿಮೆ, ಅದನ್ನೂ ಕಚೇರಿ ಮಾಡಿಬಿಟ್ಟರೆ ಹುಡುಗರು ಎಲ್ಲಿಗೆ ಹೋಗಬೇಕು? ಈ ಭಯ ನ್ಯಾಯವಾದದ್ದು. ಆಟದ ಅಂಗಳದ ಅರ್ಧ ಭಾಗದಲ್ಲಿ ಮೇಜು ಕುರ್ಚಿ ತುಂಬಿದರೆ ಈ ಇಡೀ ಆಲೋಚನೆ ಸತ್ತಂತೆ, ಏಕೆಂದರೆ ಜನರನ್ನು ಕರೆತರುವ ಶಕ್ತಿ ಇರುವುದು ಆಟದಲ್ಲಿ, ಅರ್ಜಿ ನಮೂನೆಯಲ್ಲಲ್ಲ. ಪೆಕಮ್‌ನಲ್ಲಿ ಕಟ್ಟಡದ ಹೃದಯಭಾಗದಲ್ಲಿದ್ದದ್ದು ಈಜುಕೊಳ, ವೈದ್ಯರ ಮೇಜಲ್ಲ. ಆ ಕ್ರಮವನ್ನು ನಾವೂ ಕಾಯ್ದುಕೊಳ್ಳಬೇಕು. ಆಟದ ಹೊತ್ತು, ಆಟದ ಜಾಗ ಮೊದಲು, ನೆರವು ಅದರ ಅಂಚಿನಲ್ಲಿ. ಇನ್ನೂ ಒಂದು ಮಾತು: ಇಂದು ನಮ್ಮ ಆಟದ ಜಾಗಗಳಲ್ಲಿ ಬಹಳಷ್ಟು ಹರೆಯದ ಗಂಡುಹುಡುಗರ ಪಾಲಿಗೆ ಮಾತ್ರ ತೆರೆದಿವೆ. ಕುಟುಂಬಗಳ ತಾಣವಾದರೆ ಹೆಣ್ಣುಮಕ್ಕಳಿಗೆ, ಎಳೆಯರಿಗೆ, ಮುದುಕರಿಗೆ ಆಡುವ ಹಕ್ಕು ಹೊಸದಾಗಿ ದಕ್ಕುತ್ತದೆ. ಆಗ ಆಟ ಕುಗ್ಗುವುದಿಲ್ಲ, ಹಿಗ್ಗುತ್ತದೆ.

ಎರಡನೆಯ ಆಕ್ಷೇಪ ಗುಟ್ಟಿನದು. ಎಲ್ಲರೂ ಎಲ್ಲರನ್ನೂ ಬಲ್ಲ ನೆರೆಹೊರೆಯಲ್ಲಿ ಮನೆಯ ಸಂಗತಿ ಹೇಳಿಕೊಂಡರೆ ನಾಳೆ ಅದು ಬೀದಿಯ ಮಾತಾಗುವುದಿಲ್ಲವೇ? ಕೆಲವು ಸಂಕಟಗಳಿಗೆ, ಮುಖ್ಯವಾಗಿ ಹಿಂಸೆಗೆ, ದೂರದ ಕಚೇರಿಯೇ ಸುರಕ್ಷಿತ ಎಂಬ ಮಾತಿನಲ್ಲಿ ಸತ್ಯವಿದೆ. ಆದ್ದರಿಂದ ನೆರೆಹೊರೆಯ ಕೇಂದ್ರ ಎಲ್ಲ ನೆರವಿನ ಕೊನೆಯ ತಾಣವಾಗಬಾರದು, ಮೊದಲ ಮೆಟ್ಟಿಲಾಗಬೇಕು. ಹಿಂಸೆಗೆ ಒಳಗಾದ ಹೆಣ್ಣನ್ನು ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿಯ ಸಂರಕ್ಷಣಾಧಿಕಾರಿಗೆ, 181 ಮಹಿಳಾ ಸಹಾಯವಾಣಿಗೆ ಗುಟ್ಟಾಗಿ ತಲುಪಿಸುವ ದಾರಿ ಅಲ್ಲಿರಬೇಕು, ಅಲ್ಲಿಯೇ ರಾಜಿ ಪಂಚಾಯಿತಿ ನಡೆಸುವ ಅಧಿಕಾರ ಯಾರಿಗೂ ಇರಬಾರದು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯ ಮರೆಯಲ್ಲಿ ಎಷ್ಟೋ ಹೆಣ್ಣುಗಳ ನೋವನ್ನು ನಾವು ಮುಚ್ಚಿಟ್ಟಿದ್ದೇವೆ. ಆ ಗಾದೆಯ ಕೆಲಸವನ್ನು ಸಾರ್ವಜನಿಕ ಕೇಂದ್ರವೊಂದು ಮುಂದುವರಿಸುವುದು ಸಲ್ಲದು. ಜತೆಗೆ, ಆಟಕ್ಕೂ ಓದಿಗೂ ಹೊಲಿಗೆ ತರಗತಿಗೂ ಜನ ಬರುವ ಕಟ್ಟಡದಲ್ಲಿ ಒಬ್ಬಾಕೆ ಯಾವ ಕಾರಣಕ್ಕೆ ಒಳಗೆ ಹೋದಳೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಸಾಂತ್ವನ ಕೇಂದ್ರದ ಫಲಕದ ಕೆಳಗೆ ನಿಂತವಳಿಗೆ ಆ ಮರೆ ಇಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಎಲ್ಲರಿಗೂ ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗುವವರು ಅನುಕೂಲಸ್ಥರು, ನಿಜವಾಗಿ ಬೇಕಾದವರು ಹೊರಗೇ ಉಳಿಯುತ್ತಾರೆ ಎಂಬುದು ಅದು. ಶೂರ್ ಸ್ಟಾರ್ಟ್‌ನ ಆರಂಭದ ಮೌಲ್ಯಮಾಪನ 2005ರಲ್ಲಿ ಹೀಗೇ ಎಚ್ಚರಿಸಿತ್ತು. ಹದಿಹರೆಯದ ತಾಯಂದಿರು, ಒಂಟಿ ಪೋಷಕರು, ದುಡಿಮೆಯೇ ಇಲ್ಲದ ಮನೆಗಳಂಥ ಅತಿ ದುರ್ಬಲ ಕುಟುಂಬಗಳ ಮಕ್ಕಳಿಗೆ ಆಗ ಪ್ರಯೋಜನವಾಗುವ ಬದಲು ತುಸು ಹಿನ್ನಡೆಯೇ ಕಂಡಿತ್ತು. ಆ ವರದಿಯನ್ನು ಬದಿಗಿಡದೆ ಮನೆಭೇಟಿಗಳಿಗೆ, ಹಿಂದುಳಿದವರನ್ನು ಹುಡುಕಿ ಕರೆತರುವ ಕೆಲಸಕ್ಕೆ ಇನ್ನಷ್ಟು ಒತ್ತು ಕೊಡಲಾಯಿತು. 2008ರ ಮೌಲ್ಯಮಾಪನದ ಹೊತ್ತಿಗೆ ಆ ಹಿನ್ನಡೆ ಮಾಯವಾಗಿತ್ತು. ನಮ್ಮಲ್ಲಿ ಈ ಅಪಾಯಕ್ಕೆ ಜಾತಿಯ ಮುಖವೂ ಇದೆ. ಯಾವ ಕೇರಿಯಲ್ಲಿ ಭವನವಿದೆ, ಅದರ ಬೀಗದ ಕೈ ಯಾರ ಮನೆಯಲ್ಲಿದೆ ಎಂಬುದರ ಮೇಲೆ ಯಾರು ಒಳಗೆ ಬರುತ್ತಾರೆಂಬುದು ನಿರ್ಧಾರವಾಗುತ್ತದೆ. ಹಾಗಾಗಿ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಸಾಲದು. ಕಾರ್ಯಕರ್ತರು ದೂರದ ಕೇರಿಗೆ, ವಲಸೆ ಕಾರ್ಮಿಕರ ಶೆಡ್ಡುಗಳಿಗೆ, ಅಂಗವಿಕಲ ಮಕ್ಕಳಿರುವ ಮನೆಗಳಿಗೆ ಹೋಗಬೇಕು. ನಿರ್ವಹಣಾ ಸಮಿತಿಯಲ್ಲಿ ಮಹಿಳೆಯರಿಗೆ, ದಲಿತ ಕೇರಿಯ ನಿವಾಸಿಗಳಿಗೆ, ಯುವಜನರಿಗೆ ಖಾತರಿಯ ಸ್ಥಾನ ಇರಬೇಕು. ಭವನ ಎಲ್ಲರಿಗೂ ಮುಜುಗರವಿಲ್ಲದೆ ತಲುಪುವ ಜಾಗದಲ್ಲಿರಬೇಕು.

ನಾಲ್ಕನೆಯವರು ಕೇಳುವುದು ಹೀಗೆ: ಅಂಗನವಾಡಿ ಇರುವಾಗ ಇದು ಬೇರೆ ಏಕೆ? ಅಂಗನವಾಡಿ ನಮ್ಮ ದೇಶ ಕಟ್ಟಿದ ದೊಡ್ಡ ಸಂಸ್ಥೆಗಳಲ್ಲೊಂದು. ಆದರೆ ಅದು ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಕಿಶೋರಿಯರಿಗಾಗಿ ರೂಪುಗೊಂಡದ್ದು. ಸಂಜೆಯ ಹೊತ್ತಿಗೆ ಅದರ ಬಾಗಿಲು ಮುಚ್ಚಿರುತ್ತದೆ. ಹತ್ತು ವರ್ಷದ ಹುಡುಗನಿಗೆ, ಕೆಲಸ ಕಳೆದುಕೊಂಡ ತಂದೆಗೆ, ಒಂಟಿ ಅಜ್ಜಿಗೆ ಅಲ್ಲಿ ಜಾಗವಿಲ್ಲ. ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ ಈಗಲೇ ಸಮೀಕ್ಷೆ, ದಾಖಲೆ, ಆ್ಯಪ್‌ಗಳ ಹೊರೆ ಏರಿದೆ. ಈ ಹೊಸ ಹೊಣೆಯನ್ನೂ ಅವರ ಗೌರವಧನದೊಳಗೇ ತುರುಕುವುದು ಅನ್ಯಾಯ. ಕುಟುಂಬ ಕೇಂದ್ರಕ್ಕೆ ಬೇರೆಯೇ ಸಂಬಳದ ಹುದ್ದೆ ಬೇಕು. ಖರ್ಚಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಟ್ಟಡಗಳು ಬಹುತೇಕ ಕಡೆ ಇವೆ, ಬರುವ ಸೇವೆಗಳಿಗೆ ಆಯಾ ಇಲಾಖೆಯ ಸಿಬ್ಬಂದಿ ಇದ್ದಾರೆ. ಹೊಸದಾಗಿ ಬೇಕಾದದ್ದು ಮನುಷ್ಯರ ವೇಳೆಗೆ ಕೊಡುವ ಹಣ. ನಮ್ಮ ಸರ್ಕಾರಗಳು ಕಟ್ಟಡಕ್ಕೆ ಸುಲಭವಾಗಿ ದುಡ್ಡು ಕೊಡುತ್ತವೆ, ಅದನ್ನು ನಡೆಸುವವರಿಗೆ ಕೊಡಲು ಹಿಂಜರಿಯುತ್ತವೆ. ಇಂಗ್ಲೆಂಡಿನ ಒಂದಕ್ಕೆ ಎರಡರ ಲೆಕ್ಕ ಇಲ್ಲೂ ಹಾಗೇ ಬರುತ್ತದೆಂದು ಹೇಳಲಾಗದು, ನಮ್ಮ ಸಂದರ್ಭ ಬೇರೆ. ಆದರೆ ಮನುಷ್ಯರ ಮೇಲಿನ ಖರ್ಚು ಕಡಿಮೆಯಾದಲ್ಲಿ ಫಲವೂ ಕಡಿಮೆಯಾಗುತ್ತದೆ ಎಂಬ ಪಾಠ ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಕೊನೆಯದಾಗಿ, ಕುಟುಂಬದ ಒಳಗೆ ಸರ್ಕಾರ ಇಣುಕಬಾರದು ಎಂಬ ಎಚ್ಚರಿಕೆ. ಆಟಕ್ಕೆ ಬಂದವರ ಮನೆಯ ವಿವರಗಳನ್ನೆಲ್ಲ ಬರೆದುಕೊಂಡು ಯಾವುದೋ ಕಡತಕ್ಕೆ ಸೇರಿಸಿದರೆ ಜನ ಆಟಕ್ಕೂ ಬರುವುದನ್ನು ಬಿಡುತ್ತಾರೆ. ಪೆಕಮ್‌ನ ವೈದ್ಯರು ತಾವು ಕಂಡದ್ದನ್ನು ಕುಟುಂಬದ ಮುಂದಿಟ್ಟು ತೀರ್ಮಾನವನ್ನು ಅವರಿಗೇ ಬಿಟ್ಟದ್ದು ಈ ದೃಷ್ಟಿಯಿಂದ ಮಾದರಿ. ಮಗುವಿನ ಜೀವಕ್ಕೋ ಹೆಣ್ಣಿನ ಜೀವಕ್ಕೋ ಅಪಾಯವಿದ್ದಾಗ ಕಾನೂನು ಹೇಳಿದಂತೆ ನಡೆಯಲೇಬೇಕು. ಉಳಿದೆಲ್ಲ ಕಡೆ ಕೇಂದ್ರದ ಕೆಲಸ ದಾರಿ ತೋರಿಸುವುದು, ಅಪ್ಪಣೆ ಕೊಡುವುದಲ್ಲ. ನೆರವು ಪಡೆದವರೇ ನಾಳೆ ಬೇರೆಯವರ ಮಗುವನ್ನು ಆಡಿಸುವವರಾಗಿ, ಕತೆ ಓದುವವರಾಗಿ, ಸಮಿತಿಯ ಸದಸ್ಯರಾಗಿ ಬರುವಂತಾದರೆ, ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಎಂಬ ಅಂತರವೂ ಅಳಿಯುತ್ತದೆ.

ಇದನ್ನು ರಾಜ್ಯದಾದ್ಯಂತ ಒಂದೇ ದಿನ ಉದ್ಘಾಟಿಸಬೇಕಾಗಿಲ್ಲ, ಉದ್ಘಾಟಿಸಲೂಬಾರದು. ಅವಸರದ ವಿಸ್ತರಣೆ ಶೂರ್ ಸ್ಟಾರ್ಟ್‌ಗೆ ಏನು ಮಾಡಿತೆಂದು ಕಂಡಿದ್ದೇವೆ. ಜಿಲ್ಲೆಗೆ ಕೆಲವೇ ಭವನಗಳನ್ನು ಆರಿಸಿ, ಒಂದು ನಗರದ ಕೊಳೆಗೇರಿಯ ಪಕ್ಕ, ಒಂದು ಪಂಚಾಯಿತಿ ಕೇಂದ್ರದಲ್ಲಿ, ಒಂದು ಗಾರ್ಮೆಂಟ್ಸ್ ಕಾರ್ಮಿಕರ ಬಡಾವಣೆಯಲ್ಲಿ ಆರಂಭಿಸಲಿ. ಐದು ವರ್ಷಕ್ಕೆ ಕಡಿಮೆಯಿಲ್ಲದ ಹಣದ ಖಾತರಿ ಇರಲಿ, ಅಂಥ ಕೇಂದ್ರವಿಲ್ಲದ ನೆರೆಹೊರೆಗಳೊಂದಿಗೆ ಹೋಲಿಸಿ ನೋಡುವ ಅಧ್ಯಯನ ಮೊದಲ ದಿನದಿಂದಲೇ ಜತೆಗಿರಲಿ. ಅದಕ್ಕೂ ಮುನ್ನ ಪ್ರತಿ ವಾರ್ಡು, ಪ್ರತಿ ಗ್ರಾಮಸಭೆ ಇಂದೇ ಕೇಳಬಹುದಾದ ಪ್ರಶ್ನೆಗಳಿವೆ: ನಮ್ಮ ಸಾರ್ವಜನಿಕ ಹಣದಲ್ಲಿ ಕಟ್ಟಿದ ಭವನ ವಾರದಲ್ಲಿ ಎಷ್ಟು ಗಂಟೆ ಎಲ್ಲರಿಗೂ ತೆರೆದಿರುತ್ತದೆ? ಅಲ್ಲಿ ಹೆಂಗಸರು, ಮಕ್ಕಳು, ಮುದುಕರು ಏನು ಮಾಡಬಹುದು? ಕಷ್ಟವಿದ್ದವರಿಗೆ ದಾರಿ ಹೇಳುವವರು ಅಲ್ಲಿ ಯಾರಿದ್ದಾರೆ? ಬಾಡಿಗೆಯಿಂದ ಬಂದ ಹಣದ ಲೆಕ್ಕವನ್ನು ಸಭೆಯ ಮುಂದಿಡುವ ನಾವು, ಈ ಲೆಕ್ಕವನ್ನೂ ವರ್ಷಕ್ಕೊಮ್ಮೆ ಮುಂದಿಡುವಂತೆ ಒತ್ತಾಯಿಸಬೇಕು. ಕುಟುಂಬ ಮುರಿದ ಮೇಲೆ ನ್ಯಾಯಾಲಯ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ಸಮಾಜ ತೆರುವ ಬೆಲೆ ದೊಡ್ಡದು. ಮುರಿಯುವ ಮುನ್ನ ಆಸರೆಯಾಗಲು ಬೇಕಾದದ್ದು ತೆರೆದ ಭವನ, ಆಟದ ಹೊತ್ತು ಮತ್ತು ಸಂಬಳ ಪಡೆದು ಅಲ್ಲಿ ಕಾದಿರುವ ಒಬ್ಬ ಪರಿಚಿತ ಮನುಷ್ಯ. ಮೂರನ್ನೂ ಒದಗಿಸುವ ಶಕ್ತಿ ನಮ್ಮ ಪಂಚಾಯಿತಿಗಳಿಗೂ ನಗರಸಭೆಗಳಿಗೂ ಇದೆ. ಅವುಗಳಿಂದ ಅದನ್ನು ಹಕ್ಕಿನಿಂದ ಕೇಳಿ ಪಡೆಯುವುದು ನಮ್ಮ ಹೊಣೆ.